ಉರಿಯನ್ನು ನಡುದಾರಿಯಲ್ಲಿ ತಡೆದ ವಿದ್ಯೆ

‘ಕೆಟಲಿಸ್ಟ್’ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ವೇಗವರ್ಧಕ’ವೆಂಬ ಮಾತು ರೂಢಿಯಲ್ಲಿದೆ. 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಈ ಶಕ್ತಿಗೆ ಹೆಸರಿಟ್ಟಾಗ ಆರಿಸಿಕೊಂಡ ಗ್ರೀಕ್ ಧಾತುವಿಗೆ ‘ಸಡಿಲಿಸು, ಬಿಡಿಸು’ ಎಂದರ್ಥ. ವೇಗದ ಮಾತು ಅದರಲ್ಲಿಲ್ಲ. ನಮ್ಮ ಪದ ತಪ್ಪೆಂದು ಹೇಳಲಾಗದು. ಆದರೆ ಅದು ತಿಳಿಸುವುದು ಅರ್ಧ ಸಂಗತಿಯನ್ನು ಮಾತ್ರ. ಮಿಕ್ಕ ಅರ್ಧವನ್ನು ಲೋಹದ ಆಕ್ಸೈಡುಗಳ ಚರಿತ್ರೆ ತಿಳಿಸುತ್ತದೆ.

ಚಿಕ್ಕೋಡಿ ಸೀಮೆಯ ಕಬ್ಬೂರದಂಥ ಊರಿನ ಅಡಿಗೆಮನೆಗೂ ಇಂದು ಅನಿಲದ ಸಿಲಿಂಡರು ಬಂದಿದೆ. ಅದರಲ್ಲಿರುವ ಪ್ರೋಪೇನ್, ಬ್ಯುಟೇನ್ ಇಂಗಾಲ ಮತ್ತು ಜಲಜನಕಗಳ ಹಗುರ ಸಂಯುಕ್ತಗಳು. ಕಿಡಿ ತಗುಲಿದರೆ ಸಾಕು, ಅವು ಉರಿದು ಇಂಗಾಲಾಮ್ಲವೂ ನೀರಾವಿಯೂ ಆಗುತ್ತವೆ. ಇಂಥ ಅನಿಲಗಳಿಂದ ಬೆಲೆಯುಳ್ಳ ಪದಾರ್ಥವನ್ನು ಪಡೆಯಬೇಕಾದರೆ ಉರಿಯನ್ನು ನಡುದಾರಿಯಲ್ಲಿ ತಡೆಯಬೇಕು. ಕಷ್ಟವಿರುವುದು ಇಲ್ಲಿಯೇ. ಅರೆ ಉರಿದ ಪದಾರ್ಥವು ಎಷ್ಟೋ ವೇಳೆ ಮೂಲ ಅನಿಲಕ್ಕಿಂತಲೂ ಸುಲಭವಾಗಿ ಉರಿದುಹೋಗುತ್ತದೆ.

ಈ ತಡೆಯ ಗುಟ್ಟೇನು? 1954ರಲ್ಲಿ ಹಾಲೆಂಡಿನ ಮಾರ್ಸ್ ಮತ್ತು ಫಾನ್ ಕ್ರೇವೆಲೆನ್ ಎಂಬವರು ಇದಕ್ಕೊಂದು ವಿವರಣೆ ಕೊಟ್ಟರು. ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನೇ ಅನಿಲಕ್ಕೆ ಕೊಡುತ್ತದೆ. ಆ ಬರಿದಾದ ಜಾಗವನ್ನು ಬಳಿಕ ಗಾಳಿಯಿಂದ ತುಂಬಿಕೊಳ್ಳುತ್ತದೆ. ಹಗೇವಿನ ಜೋಳವನ್ನು ಸೇರಿನಿಂದ ಅಳೆದು ಕೊಟ್ಟು, ಸುಗ್ಗಿಯಲ್ಲಿ ಮತ್ತೆ ತುಂಬಿಸಿಕೊಳ್ಳುವ ಗೃಹಸ್ಥನ ರೀತಿ ಇದು. ಕೈ ತೀರ ಸಡಿಲವಾದರೆ ಎಲ್ಲವೂ ಉರಿದುಹೋಯಿತು. ತೀರ ಬಿಗಿಯಾದರೆ ಕೆಲಸವೇ ನಡೆಯದು.

ಅದೇ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸೋಹಾಯೊ ತೈಲ ಕಂಪನಿಯವರು ಈ ಬಗೆಯ ಆಕ್ಸೈಡುಗಳನ್ನು ಅರಸುತ್ತಿದ್ದರು. ಎಣ್ಣೆ ಶುದ್ಧಿಯಲ್ಲಿ ದೊರೆಯುವ ಪ್ರೋಪಿಲೀನ್ ಅನಿಲಕ್ಕೆ ಉತ್ತಮ ಉಪಯೋಗವನ್ನು ಕಾಣುವುದು ಅವರ ಉದ್ದೇಶ. 1957ರಲ್ಲಿ ಜೇಮ್ಸ್ ಐಡಲ್ ಆ ಅನಿಲವನ್ನು ಅಮೋನಿಯ ಮತ್ತು ಗಾಳಿಯೊಡನೆ ಬಿಸ್ಮತ್–ಮಾಲಿಬ್ಡಿನಮ್ ಆಕ್ಸೈಡಿನ ಮೇಲೆ ಹಾಯಿಸಿದರು. ಆಕ್ಸೈಡಿನ ಆಮ್ಲಜನಕವು ಜಲಜನಕವನ್ನು ನೀರಾಗಿ ಕೊಂಡೊಯ್ದಿತು. ಅಮೋನಿಯದ ಸಾರಜನಕವು ಇಂಗಾಲಕ್ಕೆ ಅಂಟಿತು. ಹೀಗೆ ಅಕ್ರಿಲೋನೈಟ್ರಿಲ್ ಒಂದೇ ಹೆಜ್ಜೆಯಲ್ಲಿ ದೊರೆಯಿತು. 1960ರಲ್ಲಿ ಲೈಮಾ ಪಟ್ಟಣದಲ್ಲಿ ಕಾರ್ಖಾನೆ ಆರಂಭವಾಯಿತು. ಅಸಿಟಲೀನ್ ಮತ್ತು ವಿಷಮಯವಾದ ಹೈಡ್ರೋಜನ್ ಸಯನೈಡುಗಳಿಂದ ತಯಾರಿಸುವ ಹಳೆಯ, ದುಬಾರಿ ವಿಧಾನವು ಕ್ರಮೇಣ ಹಿಂದೆ ಸರಿಯಿತು.

ಅಕ್ರಿಲಿಕ್ ದಾರ ಹುಟ್ಟುವುದು ಈ ಪದಾರ್ಥದಿಂದಲೇ. ಹಾಗಾಗಿ ಲೈಮಾದ ಕೆಲಸ ನಮ್ಮ ಸಂತೆಗೂ ಸಂಬಂಧಪಟ್ಟದ್ದು. ಕುರಿಯ ಉಣ್ಣೆಯನ್ನು ನೂತು ಕುರುಬರು ನೇಯ್ದ ಕರಿಯ ಕಂಬಳಿ ಮಳೆಗೂ ಚಳಿಗೂ ಆಸರೆಯಾಗಿದ್ದ ನಾಡಿದು. ಇಂದು ಅದರ ಪಕ್ಕದಲ್ಲಿ ಅಕ್ರಿಲಿಕ್ಕಿನ ಶಾಲು, ಸ್ವೆಟರುಗಳು ಅಗ್ಗದ ಬೆಲೆಗೆ ಮಾರಾಟವಾಗುತ್ತಿವೆ. ಕೊಳ್ಳುವ ಬಡವನಿಗೆ ಅದು ಅನುಕೂಲ. ಮಗ್ಗದ ಮುಂದೆ ಕುಳಿತವನಿಗೆ ಪೈಪೋಟಿ. ಎರಡನ್ನೂ ಚರಿತ್ರೆಯ ಲೆಕ್ಕಕ್ಕೆ ಹಿಡಿಯಬೇಕು.

ಲೋಹದ ಆಕ್ಸೈಡುಗಳ ಒಳರಚನೆಯ ಅಧ್ಯಯನದಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಅವರು ಇವುಗಳ ಶೋಧಕ್ಕೆ ದಶಕಗಳನ್ನೇ ಮುಡಿಪಾಗಿಟ್ಟು ಜಗದ್ವಿಖ್ಯಾತರಾದರು. 2014ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಸ್ವೀಕರಿಸಿದರು.

ಈ ವಿದ್ಯೆ ಇನ್ನೂ ಮುಗಿದಿಲ್ಲ. ನಮ್ಮ ಹಳ್ಳಿಗಳ ಗೊಬ್ಬರದ ಅನಿಲದಲ್ಲಿ ಮುಖ್ಯವಾಗಿರುವುದು ಮೀಥೇನ್. ಅದನ್ನು ಒಂದೇ ಹೆಜ್ಜೆಯಲ್ಲಿ ಮೆಥನಾಲ್ ಆಗಿಸಿ, ಅಲ್ಲಿಯೇ ತಡೆದು, ಕಾರ್ಖಾನೆಯ ಪ್ರಮಾಣದಲ್ಲಿ ಲಾಭ ತರಬಲ್ಲ ಆಕ್ಸೈಡು ಇನ್ನೂ ಕೈಗೆ ಸಿಕ್ಕಿಲ್ಲ. ಮೀಥೇನನ್ನು ಬೇಗ ಉರಿಸುವುದು ಯಾರಿಗೂ ಬರುತ್ತದೆ; ಬೇಕಾದಲ್ಲಿ ನಿಲ್ಲಿಸುವವನಿಗಾಗಿ ಪ್ರಪಂಚ ಕಾದಿದೆ.