ಇಪ್ಪತ್ತೊಂದು ಗೇರಿನ ಲೆಕ್ಕ

ಮಗಳಿಗೆ ಕಾಲೇಜಿಗೆ ಹೋಗಲು ಸೈಕಲ್ ಬೇಕಿತ್ತು. ಪುಣೆಯ ಅಂಗಡಿಯಾತ "21 ಗೇರು ಸಾಹೇಬ್" ಎಂದ. ಬಿ.ಕಾಂ. ಬುದ್ಧಿ ನೋಡಿ, ಒಂದು ಗೇರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದೆ! ಹಿಂದೆ ಮಗನಿಗೆ ಹೀಗೇ ಕೊಡಿಸಿದ್ದು ರಿಪೇರಿಗೆ ದುಡ್ಡು ತಿಂದು, ಕೊನೆಗೆ ಪಾರ್ಕಿಂಗಿನಲ್ಲಿ ತುಕ್ಕು ಹಿಡಿದಿತ್ತು. ಈ ಸಲ ಮನೆಗೆ ಬಂದು ಗೇರಿನ ಚರಿತ್ರೆ ಓದುತ್ತ ಕೂತೆ.

ಮುಂದೆ ಎತ್ತರದ ಗಾಲಿಯಿದ್ದ ಹಳೆಯ ಸೈಕಲ್ಲಿಗೆ ಚೈನೇ ಇರಲಿಲ್ಲ. ಪೆಡಲು ಆ ಗಾಲಿಗೇ ಇತ್ತು. ವೇಗ ಬೇಕೆಂದರೆ ಗಾಲಿಯೇ ದೊಡ್ಡದಾಗಬೇಕು. 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೋಲರ್ ಚೈನಿಗೆ ಪೇಟೆಂಟ್ ಪಡೆದ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ, ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ ತಂದ. ಧಾರವಾಡದಲ್ಲಿ ನಮ್ಮಪ್ಪ ಓಡಿಸುತ್ತಿದ್ದ ಕಪ್ಪು ಸೈಕಲ್ಲು ಅದರ ಮೊಮ್ಮಗನೇ. ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತಿದರೆ ಗಾಲಿ ಸುಮಾರು ಎರಡೂವರೆ ಸುತ್ತು. ಅಷ್ಟರಲ್ಲೇ ಅವರ ನೌಕರಿ ಮುಗಿಯಿತು...

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಬಂದ ಮೇಲೂ ಟೂರ್ ದ ಫ್ರಾನ್ಸ್ ಸ್ಪರ್ಧೆ ಅದನ್ನು ಒಪ್ಪಲಿಲ್ಲ. ಓಟಗಾರರು ಘಟ್ಟ ಬಂದಾಗ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳಬೇಕಿತ್ತು. ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ.

ನನಗೆ ಹಿಡಿಸಿದ್ದು ಜಪಾನಿನ ಕಥೆ. 1964ರಲ್ಲಿ ಸನ್‌ಟೂರ್ ಕಂಪನಿ ಡಿರೇಲರನ್ನು ಓರೆಯಾಗಿ ಚಲಿಸುವಂತೆ ಮಾಡಿತು. ಚಿಕ್ಕ ಚಕ್ರಕ್ಕೂ ದೊಡ್ಡದಕ್ಕೂ ಅಂತರ ಹೆಚ್ಚು ಬದಲಾಗದೆ ಚೈನು ಸಲೀಸಾಗಿ ದಾಟಿತು. 1984ರಲ್ಲಿ ಆ ಪೇಟೆಂಟಿನ ಅವಧಿ ಮುಗಿಯಿತು. ಶಿಮಾನೊ ಕಂಪನಿ ಅದೇ ಓರೆಗೆ 'ಟಿಕ್' ಎಂದರೆ ಒಂದು ಗೇರು ಎನ್ನುವ ಸನ್ನೆ ಜೋಡಿಸಿತು. ಕೆಲವೇ ವರ್ಷಗಳಲ್ಲಿ ಅದು ಅಗ್ಗದ ಸೈಕಲ್ಲಿಗೂ ಇಳಿಯಿತು. ಒಬ್ಬರ ಠೇವಣಿ ಅವಧಿ ಮುಗಿದು ಊರಿಗೆಲ್ಲ ಹಂಚಿಕೆಯಾದಂತೆ! ಪಾಪ, ಸನ್‌ಟೂರ್ ಮಾತ್ರ ಪೈಪೋಟಿಯಲ್ಲಿ ಸೋತಿತು.

ಇನ್ನು ಅಂಗಡಿಯವನ 21. ಅದು ಮುಂದಿನ 3, ಹಿಂದಿನ 7ರ ಗುಣಾಕಾರ ಅಷ್ಟೆ. 48ಕ್ಕೆ 24 ಹಾಕಿದರೂ 28ಕ್ಕೆ 14 ಹಾಕಿದರೂ ಫಲ ಎರಡೇ. ಒಂದೇ ಖಾತೆಗೆ ಎರಡು ಪಾಸ್‌ಬುಕ್! ಒಳ್ಳೆಯ ಓರೆ ಡಿರೇಲರ್ ಅಗ್ಗಕ್ಕೇ ಸಿಗುವಾಗ, ಸಂಖ್ಯೆಗೆ ಯಾಕೆ ದುಡ್ಡು ಕೊಡಬೇಕು? ಸಮತಟ್ಟು ದಾರಿಗೆ ಅಪ್ಪನ ಒಂದೇ ಗೇರು ಸಾಕು. ಏರಿದ್ದರೆ ಮುಂದೆ ಒಂದು, ಹಿಂದೆ ಏಳು. ಚೈನು ಸವೆದಾಗ ತಡಮಾಡದೆ ಬದಲಿಸಿದರೆ ಹಲ್ಲುಗಳೂ ಉಳಿಯುತ್ತವೆ. ಮಗನ ಸೈಕಲ್ಲಿಗೆ ನಾನು ಮಾಡದೇ ಹೋದದ್ದು ಅದೇ.

ಮಗಳ ದಾರಿಯಲ್ಲಿರುವುದು ಒಂದೇ ಫ್ಲೈಓವರ್. ಏಳು ಗೇರಿನದನ್ನೇ ತಂದೆವು. "ಅಪ್ಪಾ, ಉಳಿದ ದುಡ್ಡಿಗೆ ಹೆಲ್ಮೆಟ್ ಕೊಡ್ಸು" ಅಂದಳು. ಲೆಕ್ಕ ಸರಿಹೋಯಿತು.