ತಿರುಳ್ಗನ್ನಡದ ನಾಡಿನಲ್ಲಿ ಕಾವ್ಯಪಾಠ

ಒಂದು ದೇಶದ ಪ್ರೌಢಶಾಲೆಗಳಲ್ಲಿ ಸಾಹಿತ್ಯವನ್ನು ಕಲಿಸುವ ಬಗೆಯನ್ನು ನೋಡಿದರೆ, ಆ ದೇಶದ ಜನರು ತಮ್ಮ ಪೂರ್ವಿಕರ ಮಾತನ್ನು ಎಷ್ಟರಮಟ್ಟಿಗೆ ತಮ್ಮದೆಂದು ಭಾವಿಸಿದ್ದಾರೆಂಬುದು ಗೊತ್ತಾಗುತ್ತದೆ. ಇದನ್ನು ಪರೀಕ್ಷಿಸಲು ನಾವು ಮೊದಲು ದೂರ ಹೋಗಬೇಕಾದುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಊರುಗಳ ಚರಿತ್ರೆಯೇ ಸಾಕು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಎಣಿಸಿತು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಮುಂದಿನ ಶತಮಾನದಲ್ಲಿ ಪಂಪನು ತನ್ನ ಭಾರತವನ್ನು ಹೇಳಿದುದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಹೆಮ್ಮೆಪಟ್ಟನು. ಲಕ್ಕುಂಡಿಯ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನ ಅಜಿತಪುರಾಣವು 993ರಲ್ಲಿ ಹುಟ್ಟಿತು. ಮುಳುಗುಂದದ ನಯಸೇನನು 1112ರಲ್ಲಿ ಧರ್ಮಾಮೃತವನ್ನು ಮುಗಿಸಿದನು. ಗದುಗಿನ ವೀರನಾರಾಯಣನ ಅಂಕಿತದಲ್ಲಿ ಕುಮಾರವ್ಯಾಸನು ಹಾಡಿದ ಕಾವ್ಯವು ಗದುಗಿನ ಭಾರತವೆಂದೇ ಹೆಸರಾಯಿತು.

ಇಂತಹ ನಾಡು ಬ್ರಿಟಿಷರ ಕಾಲದಲ್ಲಿ ತುಂಡುತುಂಡಾಗಿ ಹೋಯಿತು. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದುವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜಿನ ಹಿರಿಯ ಶಾಖೆಗೂ ಸಂದುವು. ಆ ಎರಡು ಸಂಸ್ಥಾನಗಳ ಒಡೆಯರೂ ಮರಾಠಿ ಮಾತಿನ ಪಟವರ್ಧನರು. ಕೊಪಣವೆಂಬ ಕೊಪ್ಪಳವು ನಿಜಾಮರ ಸೀಮೆಯಲ್ಲಿತ್ತು. ಅಲ್ಲಿ ಉನ್ನತ ವಿದ್ಯೆಯ ಭಾಷೆ ಉರ್ದು. ಕವಿರಾಜಮಾರ್ಗವು ಹೆಸರಿಸಿದ ನಾಲ್ಕು ಊರುಗಳು ಹೀಗೆ ಮೂರು ಸರಕಾರಗಳ ಪಾಲಾದುವು. ಒಂದೇ ಮಾತನಾಡುವ ಮಕ್ಕಳು ಗಡಿಯ ಈಚೆಗೊಂದು, ಆಚೆಗೊಂದು ವಿದ್ಯಾಪದ್ಧತಿಗೆ ಒಳಗಾದರು.

ಮುಂಬಯಿ ವಿಶ್ವವಿದ್ಯಾನಿಲಯವು 1859ರಲ್ಲಿ ಆರಂಭಿಸಿದ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ಈ ಭಾಗದ ಪ್ರೌಢಶಾಲೆಗಳ ಗುರಿಯಾಯಿತು. ಅಲ್ಲಿ ಅಗ್ರಪೀಠ ಇಂಗ್ಲಿಷಿಗೆ. ಕನ್ನಡಕ್ಕೆ ದೊರೆತುದು ಬದಿಯ ಮಣೆ. ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಾಗಿ ಹೊರಬಂದುದೇ 1898ರಲ್ಲಿ. ಪುಸ್ತಕವೇ ಇಲ್ಲದೆ ಪಾಠವೆಲ್ಲಿಂದ ಬರಬೇಕು? ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ಶ್ರಮಿಸಿದ ಡೆಪ್ಯುಟಿ ಚನ್ನಬಸಪ್ಪನವರು ಷೇಕ್ಸ್‌ಪಿಯರನ ಒಂದು ಪ್ರಹಸನವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಅತ್ತ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗಿ, 1927ರಲ್ಲಿ ಕನ್ನಡ ಎಂ.ಎ. ತರಗತಿಯು ಮೊದಲಾಯಿತು. ಕನ್ನಡವನ್ನು ಕಲಿಸುವ ವಿದ್ವಾಂಸರ ಪರಂಪರೆಯೊಂದು ಅಲ್ಲಿ ಬೆಳೆಯಿತು.

ಹಾಗಾದರೆ ಗದುಗಿನ ಸೀಮೆಯಲ್ಲಿ ಕಾವ್ಯವು ಉಳಿದುದು ಹೇಗೆ? ಶಾಲೆಯ ಹೊರಗೆ. ಗುಡಿಯ ಮಂಟಪದಲ್ಲಿ, ಮನೆಯ ಪಡಸಾಲೆಯಲ್ಲಿ ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಅಕ್ಷರವರಿಯದವರೂ ಕೇಳಿ ಕಣ್ಣೊರಸಿಕೊಳ್ಳುವರು. ಈ ವಾಚನ-ವ್ಯಾಖ್ಯಾನಗಳೇ ನಮ್ಮ ಹಳೆಯ ಸಾಹಿತ್ಯಪಾಠ.

ಈಗ ಹೊರದೇಶಗಳತ್ತ ನೋಡೋಣ. ಇಟಲಿಯ ಲಿಚೆಯೊ ಶಾಲೆಗಳಲ್ಲಿ ಕೊನೆಯ ಮೂರು ವರ್ಷ ಡಾಂಟೆಯ ಮಹಾಕಾವ್ಯವನ್ನು ಓದಿಸುವುದು ಸಂಪ್ರದಾಯ. ನರಕ, ಪ್ರಾಯಶ್ಚಿತ್ತಲೋಕ, ಸ್ವರ್ಗಗಳಿಗೆ ಒಂದೊಂದು ವರ್ಷ. ಫ್ರಾನ್ಸಿನಲ್ಲಿ ಒಂದು ಚಿಕ್ಕ ಗದ್ಯಭಾಗವನ್ನೋ ಪದ್ಯವನ್ನೋ ಕೈಗೆ ಕೊಟ್ಟು, ಸಾಲುಸಾಲಾಗಿ ಬಿಡಿಸಿ ವಿವರಿಸೆಂದು ವಿದ್ಯಾರ್ಥಿಯನ್ನು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನ ಸಾಹಿತ್ಯಪರೀಕ್ಷೆಗೆ ಷೇಕ್ಸ್‌ಪಿಯರನ ಒಂದು ಇಡಿಯ ನಾಟಕವನ್ನು ಓದಿರಲೇಬೇಕು. ಜಪಾನಿನಲ್ಲಿ ಹಳೆಯ ಜಪಾನಿಯ ಜೊತೆಗೆ ಚೀನಾದ ಪ್ರಾಚೀನ ಗ್ರಂಥಭಾಷೆಯೂ ಪ್ರೌಢಶಾಲೆಯ ಪಾಠದಲ್ಲಿದೆ. ಪದ್ಧತಿ ಬೇರೆ ಬೇರೆ. ಆದರೆ ಎಲ್ಲೆಡೆಯಲ್ಲಿಯೂ ಮಗುವನ್ನು ಮೂಲಗ್ರಂಥದ ಮುಂದೆಯೇ ನಿಲ್ಲಿಸುತ್ತಾರೆ.

ನಮ್ಮಲ್ಲಿಯೂ ಗಡಿಗಳು ಅಳಿದುವು. 1948ರಲ್ಲಿ ಸಾಂಗಲಿ, ಮಿರಜುಗಳು ಮುಂಬಯಿಯಲ್ಲಿ ಲೀನವಾದುವು; 1956ರಲ್ಲಿ ಕನ್ನಡ ನಾಡು ಒಂದಾಯಿತು; 1997ರಲ್ಲಿ ಈ ನಾಲ್ಕು ಊರುಗಳೂ ಗದಗ ಜಿಲ್ಲೆಯೊಳಗೆ ಬಂದುವು. ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಪಂಪ, ರನ್ನ, ಕುಮಾರವ್ಯಾಸರಿಗೆ ಎಡೆ ದೊರೆತಿರುವುದೂ ಉಂಟು. ಆದರೆ ಅದು ತುಣುಕಿನ ಎಡೆ. ಕೆಲವು ಪದ್ಯಗಳು, ಅವುಗಳ ಸಾರಾಂಶ, ಸಂದರ್ಭದ ಪ್ರಶ್ನೆ. ಮಿಕ್ಕುದನ್ನು ಗೈಡಿನ ಉತ್ತರವು ಪೂರೈಸುತ್ತದೆ. ಸರಕಾರಗಳು ಹಾಕಿದ ಗಡಿಯನ್ನು ದಾಟಿದ ನಾವು, ಪರೀಕ್ಷೆಯು ಹಾಕಿದ ಗಡಿಯಲ್ಲಿ ನಿಂತಿದ್ದೇವೆ.

ಹಳಗನ್ನಡ ಇಂದಿನ ಮಕ್ಕಳಿಗೆ ಕಠಿನವೆಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಡಾಂಟೆ ತೀರಿಕೊಂಡುದು 1321ರಲ್ಲಿ. ಕುಮಾರವ್ಯಾಸನು ಅವನಿಗಿಂತ ಈಚಿನವನು, ಅವನ ನಡುಗನ್ನಡವು ಪಂಪನ ಭಾಷೆಯಷ್ಟು ದೂರದ್ದೂ ಅಲ್ಲ. ಮನೆಯಲ್ಲಿ ಕನ್ನಡವಾಡುವ ಮಗುವಿಗೂ ಉರ್ದುವಾಡುವ ಮಗುವಿಗೂ ಆ ಭಾಷೆ ಕಲಿತೇ ಬರಬೇಕಾದುದು. ಆದುದರಿಂದ ಇಬ್ಬರೂ ಅದರ ಬಾಗಿಲಿಗೆ ಒಟ್ಟಿಗೇ ಬರಬಲ್ಲರು. ಎಂಟರಿಂದ ಹತ್ತನೆಯ ತರಗತಿಯವರೆಗಿನ ಮೂರು ವರ್ಷಗಳಲ್ಲಿ ಗದುಗಿನ ಭಾರತದ ಒಂದು ಪರ್ವವನ್ನಾದರೂ ಆದ್ಯಂತವಾಗಿ, ಮೊದಲು ಕಿವಿಗೆ, ಆಮೇಲೆ ಬುದ್ಧಿಗೆ ಮುಟ್ಟಿಸುವುದು ಅಸಾಧ್ಯವೆ? ಅದಕ್ಕೆ ಬೇಕಾದ ಪದ್ಧತಿಯನ್ನು ನಾವು ಇಟಲಿಯಿಂದ ತರಬೇಕಾದುದಿಲ್ಲ. ಅದು ವೀರನಾರಾಯಣನ ಗುಡಿಯ ಮಂಟಪಕ್ಕೆ ಎಂದೋ ತಿಳಿದಿತ್ತು. ಬೇಕಾದುದು ಕಾವ್ಯವನ್ನು ಬಾಯಿ ತೆರೆದು ಓದಬಲ್ಲ ಉಪಾಧ್ಯಾಯರು, ಅವರಿಗೆ ಅವಸರಪಡಿಸದ ವೇಳಾಪಟ್ಟಿ.