ಪಂಚ್ ಮತ್ತು ಪಾನಕ

ಬೇಸಿಗೆಯ ಶನಿವಾರ ಮನೆಗೆ ಗೆಳೆಯರು ಬಂದರೆ ಹಣ್ಣಿನ ರಸ, ಪುದೀನ, ಐಸು ಹಾಕಿದ ಕಾಕ್‌ಟೇಲ್ ಮಾಡುವುದು ಪುಣೆ, ಮುಂಬೈಗಳ ನಮ್ಮ ಫ್ಲ್ಯಾಟುಗಳಲ್ಲಿ ಈಗ ಮಾಮೂಲು. ಊರಿನಿಂದ ಬಂದ ಹಿರಿಯರಿಗೆ ಅದು ಪರದೇಶದ ಶೋಕಿ. ಅವರ ಮಾತು ಅರ್ಧ ಮಾತ್ರ ಸರಿ. ಕಾಕ್‌ಟೇಲಿನ ಮುತ್ತಜ್ಜ ಎನ್ನಬಹುದಾದ 'ಪಂಚ್' ರೂಢಿಗೆ ಬಂದದ್ದು ನಮ್ಮ ಕರಾವಳಿಯ ವ್ಯಾಪಾರಿ ಕೋಠಿಗಳಲ್ಲಿ.

ಇಂಗ್ಲೆಂಡಿನಿಂದ ಹೊರಟ ಹಡಗಿನ ಬಿಯರು ತಿಂಗಳುಗಟ್ಟಲೆ ಸೆಕೆಯಲ್ಲಿ ಕೆಡುತ್ತಿತ್ತು. ಇಲ್ಲಿ ಸಾರಾಯಿ, ನಿಂಬೆ, ಸಕ್ಕರೆ ಧಾರಾಳವಾಗಿದ್ದವು. 1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವನೊಬ್ಬ ಪೂರ್ವ ಕರಾವಳಿಯ ಸಹೋದ್ಯೋಗಿಗೆ ಬರೆದ ಕಾಗದದಲ್ಲೇ 'ಪಂಚ್' ಎಂಬ ಪದ ಸಿಗುತ್ತದೆ. 1638ರಲ್ಲಿ ಸೂರತ್‌ಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೊ ಅದರ ಸಾಮಗ್ರಿಯನ್ನೇ ಹೇಳುತ್ತಾನೆ: ಮದ್ಯ, ಪನ್ನೀರು, ನಿಂಬೆ ಜಾತಿಯ ಹಣ್ಣಿನ ರಸ, ಸಕ್ಕರೆ. ಮೊಗಲ್ ಕಾಲದ ಫ್ರೆಂಚ್ ಪ್ರವಾಸಿ ಬರ್ನಿಯೆ ಬಂಗಾಳದಲ್ಲಿ ಇದನ್ನು ಕಂಡ. ಅಲ್ಲಿ ಜಾಯಿಕಾಯಿಯೂ ಸೇರಿತ್ತು. ರುಚಿ ಚೆನ್ನ, ಮೈಗೆ ಮಾತ್ರ ಕೆಡುಕು ಎಂದು ಅವನು ಎಚ್ಚರಿಸಿದ್ದಾನೆ.

ಹೆಸರಿನ ಕಥೆ ಹೇಳಿದವನು ಕಂಪನಿಯ ವೈದ್ಯ ಜಾನ್ ಫ್ರೈಯರ್. 1670ರ ದಶಕದಲ್ಲಿ ಅವನು ಸೂರತ್, ಮುಂಬೈಗಳಲ್ಲದೆ ನಮ್ಮ ಕಾರವಾರ, ಗೋಕರ್ಣಗಳನ್ನೂ ಸುತ್ತಿದ. 1698ರಲ್ಲಿ ಅಚ್ಚಾದ ಅವನ ಪುಸ್ತಕದ ಪ್ರಕಾರ, ಗೋವೆಯ ಸಾರಾಯಿಯಿಂದ ಮಾಡುವ ಈ ಪೇಯದಲ್ಲಿ ಐದು ಸಾಮಗ್ರಿ ಇರುವುದರಿಂದ ಹಿಂದೂಸ್ತಾನಿಯ 'ಪಾಂಚ್' ಎಂಬ ಹೆಸರು ಬಂತು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಮಾಂಡೆಲ್‌ಸ್ಲೊನ ಪಟ್ಟಿಯಲ್ಲಿ ಇರುವುದು ನಾಲ್ಕೇ. 'ಪಂಚನ್' ಎಂಬ ಮದ್ಯದ ಪೀಪಾಯಿಯಿಂದ ಹೆಸರು ಬಂದಿರಬೇಕು ಎನ್ನುವವರೂ ಇದ್ದಾರೆ.

ಹೆಸರಿನ ಜಗಳ ಹೇಗೇ ಇರಲಿ, ನನ್ನ ಗಮನ ಸೆಳೆದದ್ದು ಲೆಕ್ಕ. ಹುಳಿ, ಸಿಹಿ, ಮಸಾಲೆ, ನೀರು, ಮದ್ಯ: ಇವು ಐದು. ಕೊನೆಯದನ್ನು ತೆಗೆದರೆ ಉಳಿಯುವುದು ರಾಮನವಮಿಯ ಪಾನಕ. ಪಾನಕದಿಂದಲೇ ಪಂಚ್ ಹುಟ್ಟಿತೆಂದು ನಾನು ವಾದಿಸುತ್ತಿಲ್ಲ. ಆದರೆ ಕಂಪನಿಯ ಹಡಗು ಬರುವ ಎಷ್ಟೋ ಮೊದಲೇ ಈ ನಾಲ್ಕರ ಹದ ನಮ್ಮಲ್ಲಿ ಶಾಸ್ತ್ರವಾಗಿತ್ತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಪಾನೀಯಗಳಿಗೆ ಬೇರೆಯೇ ಪ್ರಕರಣವಿದೆ. ಮೂರನೆಯ ಮಂಗರಸನ ಕನ್ನಡ 'ಸೂಪಶಾಸ್ತ್ರ'ದಲ್ಲಿ ಪಾನಕಕ್ಕೇ ಒಂದು ಅಧ್ಯಾಯವಿದೆ.

ಸೊಪ್ಪಿನ ಕಥೆಯೂ ಹೀಗೆಯೇ ಸುತ್ತಾಡಿದೆ. ಪರ್ಶಿಯನ್ನರ 'ಗುಲಾಬ್', ಅಂದರೆ ಪನ್ನೀರು, ಅರಬ್ಬಿಯಲ್ಲಿ 'ಜುಲಾಬ್' ಆಗಿ, ಯೂರೋಪಿನಲ್ಲಿ ಔಷಧಿಯ ಸಿಹಿಪಾಕ 'ಜೂಲೆಪ್' ಆಯಿತು. ಅಮೆರಿಕದ ವರ್ಜೀನಿಯಾದಲ್ಲಿ ಅದಕ್ಕೆ ಪುದೀನ ಸೇರಿ 'ಮಿಂಟ್ ಜೂಲೆಪ್' ಹೆಸರಾಯಿತು. ಹಡಗಿನಲ್ಲಿ ಬಂದ ಐಸು ಮಾತ್ರ ನಿಜವಾಗಿ ಪರದೇಶದ್ದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಐಸು ಕಳಿಸಿದ. ಆ ವ್ಯಾಪಾರಕ್ಕೆ ಕಟ್ಟಿದ ಚೆನ್ನೈನ ಐಸ್ ಹೌಸ್ ಇಂದು ವಿವೇಕಾನಂದ ಭವನ.

ಇದನ್ನೆಲ್ಲ ಓದಿದ ಮೇಲೆ ನಾನು ಕಲಸುವ ಕ್ರಮ ಬದಲಾಗಿದೆ. ದೊಡ್ಡ ಪಾತ್ರೆಯಲ್ಲಿ ಕರಬೂಜದ ರಸ, ನಿಂಬೆ, ಬೆಲ್ಲ, ಏಲಕ್ಕಿ, ಜಜ್ಜಿದ ಪುದೀನ, ತಣ್ಣೀರು ಮಾತ್ರ. ಐದನೆಯದು ಪಕ್ಕದಲ್ಲಿ ಬಾಟಲಿಯಲ್ಲೇ ಇರುತ್ತದೆ, ಬೇಕಾದವರು ತಮ್ಮ ಲೋಟಕ್ಕೆ ಹಾಕಿಕೊಳ್ಳಬಹುದು. ಕುಡಿಯದವರ ಕೈಗೆ ಬೇರೆ ಸೋಡಾ ಕೊಟ್ಟು ಮೂಲೆಗೆ ಕೂರಿಸುವ ಪ್ರಮೇಯವಿಲ್ಲ. ಅತ್ತೆಯವರಿಗೂ ಆಫೀಸಿನ ಗೆಳೆಯರಿಗೂ ಒಂದೇ ಪಾತ್ರೆಯಿಂದ ಬಡಿಸುತ್ತೇನೆ.